ಖಾತೆಯಿಂದ ಸದ್ದಿಲ್ಲದೆ ಹೋದ 17 ರೂಪಾಯಿ 70 ಪೈಸೆ: ಬ್ಯಾಂಕ್ ಶುಲ್ಕಗಳ ಬಗ್ಗೆ ಗ್ರಾಹಕರು ತಿಳಿಯಬೇಕಾದದ್ದು

ಮುಂಬೈ: ಬ್ಯಾಂಕ್ ಖಾತೆಯಿಂದ ಒಮ್ಮೆಗೇ 5,000 ರೂ. ಕಡಿತವಾದರೆ ಯಾರೂ ಸುಮ್ಮನಿರುವುದಿಲ್ಲ. ಆದರೆ 17 ರೂ. 70 ಪೈಸೆ ಕಡಿತವಾದರೆ? ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾದವರು ಅರ್ಧ ದಿನದ ಕೂಲಿ ಬಿಟ್ಟು ಶಾಖೆಯ ಕ್ಯೂನಲ್ಲಿ ನಿಲ್ಲುವುದಿಲ್ಲ. ಬ್ಯಾಂಕ್ ಶುಲ್ಕಗಳ ಬಗ್ಗೆ ಗ್ರಾಹಕರಲ್ಲಿರುವ ಸಿಟ್ಟಿನ ಮೂಲ ಇಲ್ಲಿದೆ. ಒಬ್ಬೊಬ್ಬರಿಂದ ಹೋಗುವುದು ಚಿಲ್ಲರೆ, ಒಟ್ಟು ಸೇರಿದರೆ ನೂರಾರು ಕೋಟಿ.

ಈ 17.70 ರೂ. ಕಾಲ್ಪನಿಕ ಸಂಖ್ಯೆಯಲ್ಲ. ದೇಶದ ಅತಿದೊಡ್ಡ ಬ್ಯಾಂಕ್ ಆದ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ (ಎಸ್‌ಬಿಐ) ತನ್ನ ಶೂನ್ಯ ಬ್ಯಾಲೆನ್ಸ್ ಖಾತೆದಾರರಿಂದ, ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಣ ತೆಗೆದರೆ ಅಥವಾ ಪಾವತಿಸಿದರೆ, ಪ್ರತಿ ವಹಿವಾಟಿಗೆ ವಸೂಲು ಮಾಡುತ್ತಿದ್ದ ಮೊತ್ತ ಅದು. 15 ರೂ. ಶುಲ್ಕ, ಅದರ ಮೇಲೆ ಶೇ.18 ಜಿಎಸ್‌ಟಿ. ಎಸ್‌ಬಿಐ ಕೇಂದ್ರ ಕಚೇರಿ ಇರುವುದು ಮುಂಬೈನ ನಾರಿಮನ್ ಪಾಯಿಂಟ್‌ನಲ್ಲಿ. ಬ್ಯಾಂಕ್‌ಗಳಿಗೆ ನಿಯಮ ರೂಪಿಸುವ ರಿಸರ್ವ್ ಬ್ಯಾಂಕ್ ಇರುವುದು ಅಲ್ಲೇ ಹತ್ತಿರದ ಕೋಟೆ ಪ್ರದೇಶದಲ್ಲಿ. ಆದರೂ ಈ ಲೆಕ್ಕವನ್ನು ಬಿಡಿಸಿ ಜನರ ಮುಂದಿಟ್ಟವರು ಉಪನಗರ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕ ಆಶಿಶ್ ದಾಸ್.

ಬಡವರ ಖಾತೆಯ ಲೆಕ್ಕ

ಶೂನ್ಯ ಬ್ಯಾಲೆನ್ಸ್ ಖಾತೆಯ ಅಧಿಕೃತ ಹೆಸರು ಮೂಲ ಉಳಿತಾಯ ಠೇವಣಿ ಖಾತೆ. 2012ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಈಗಿನ ರೂಪ ಕೊಟ್ಟಿತು. 2014ರ ಆಗಸ್ಟ್ 28ರಂದು ಆರಂಭವಾದ ಪ್ರಧಾನಮಂತ್ರಿ ಜನಧನ ಯೋಜನೆಯ ಖಾತೆಗಳೂ ಇದೇ ವರ್ಗದವು. ಇವುಗಳಲ್ಲಿ ಕನಿಷ್ಠ ಮೊತ್ತ ಇಡಬೇಕಿಲ್ಲ, ತಿಂಗಳಿಗೆ ನಾಲ್ಕು ಬಾರಿ ಹಣ ತೆಗೆಯುವುದು ಉಚಿತ. ನಾಲ್ಕಕ್ಕಿಂತ ಹೆಚ್ಚಿನ ಸೌಲಭ್ಯವನ್ನು ಬ್ಯಾಂಕ್ ಕೊಡಬಹುದು, ಕೊಡದೇ ಇರಬಹುದು. ಆದರೆ ಖಾತೆ ಈ ವರ್ಗದಲ್ಲೇ ಇರುವಾಗ ಅಂಥ ಹೆಚ್ಚುವರಿ ಸೇವೆಗೂ ಶುಲ್ಕ ಹಾಕುವಂತಿಲ್ಲ ಎಂಬುದು ದಾಸ್ ಅವರು ರಿಸರ್ವ್ ಬ್ಯಾಂಕ್ ನಿಯಮಗಳನ್ನು ಓದಿ ಹೇಳಿದ ಮಾತು.

ಎಸ್‌ಬಿಐ ಐದನೇ ವಹಿವಾಟಿನಿಂದಲೇ ಮೀಟರ್ ಓಡಿಸಿತು. ಎಟಿಎಂನಿಂದ ನಗದು ತೆಗೆದರೆ ಮಾತ್ರವಲ್ಲ, ಯುಪಿಐ ಮೂಲಕ ಕಿರಾಣಿ ಅಂಗಡಿಗೆ 50 ರೂ. ಕಳುಹಿಸಿದರೂ ಅದೇ 17.70 ರೂ. ಒಂದು ಕಡೆ ಡಿಜಿಟಲ್ ಪಾವತಿ ಮಾಡಿ ಎಂದು ಸರ್ಕಾರ ಪ್ರಚಾರ ಮಾಡುತ್ತಿದ್ದ ಕಾಲವದು. ನೋಟು ರದ್ದತಿಯ ನಂತರ ಮೊಬೈಲ್‌ನಲ್ಲಿ ಹಣ ಕಳುಹಿಸಲು ಕಲಿತ ಬಡವನಿಗೆ, ಕಲಿತದ್ದಕ್ಕೇ ದಂಡ ಬಿದ್ದಂತಾಯಿತು.

2021ರ ಏಪ್ರಿಲ್‌ನಲ್ಲಿ ಸುದ್ದಿಯಾದ ದಾಸ್ ಅವರ ಅಧ್ಯಯನದ ಪ್ರಕಾರ, 2015ರಿಂದ 2020ರ ನಡುವೆ ಎಸ್‌ಬಿಐ ಸುಮಾರು 12 ಕೋಟಿ ಇಂಥ ಖಾತೆದಾರರಿಂದ 300 ಕೋಟಿ ರೂ.ಗೂ ಹೆಚ್ಚು ಸಂಗ್ರಹಿಸಿತ್ತು. ಇದರಲ್ಲಿ 2018-19ರ ಪಾಲು 72 ಕೋಟಿ ರೂ., 2019-20ರದ್ದು 158 ಕೋಟಿ ರೂ. ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು.

ಅಷ್ಟರಲ್ಲಾಗಲೇ ಕೇಂದ್ರ ನೇರ ತೆರಿಗೆ ಮಂಡಳಿ ಮಧ್ಯ ಪ್ರವೇಶಿಸಿತ್ತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್, ಯುಪಿಐಯಂಥ ಪಾವತಿಗಳ ಮೇಲೆ ಪಡೆದ ಶುಲ್ಕವನ್ನು ಹಿಂದಿರುಗಿಸಿ, ಮುಂದೆ ಪಡೆಯಬೇಡಿ ಎಂದು ಅದು 2020ರ ಆಗಸ್ಟ್ 30ರಂದು ಎಲ್ಲ ಬ್ಯಾಂಕ್‌ಗಳಿಗೆ ಸೂಚಿಸಿತು. ಬ್ಯಾಂಕ್ ಶುಲ್ಕದ ವಿಷಯದಲ್ಲಿ ಆದಾಯ ತೆರಿಗೆಯವರು ಬರಬೇಕಾಯಿತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಎಸ್‌ಬಿಐ ಹಣ ಹಿಂದಿರುಗಿಸಿತು. ಆದರೆ ಎಷ್ಟು? 2021ರ ನವೆಂಬರ್‌ನಲ್ಲಿ ಬಂದ ದಾಸ್ ಅವರ ಇನ್ನೊಂದು ವರದಿ ಹೇಳುವಂತೆ, 2017ರ ಏಪ್ರಿಲ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಸುಮಾರು 14 ಕೋಟಿ ಡಿಜಿಟಲ್ ವಹಿವಾಟುಗಳ ಮೇಲೆ ಪಡೆದದ್ದು 254 ಕೋಟಿ ರೂ., ವಾಪಸಾದದ್ದು 90 ಕೋಟಿ ರೂ. ಉಳಿದ 164 ಕೋಟಿ ರೂ. 2020ಕ್ಕಿಂತ ಮೊದಲಿನದ್ದು. ತೆರಿಗೆ ಮಂಡಳಿಯ ಸೂಚನೆ ಅಲ್ಲಿಯವರೆಗೆ ಹೋಗಿರಲಿಲ್ಲ.

ಕಡಿಮೆ ಹಣಕ್ಕೆ ಹೆಚ್ಚು ದಂಡ

ಶೂನ್ಯ ಬ್ಯಾಲೆನ್ಸ್ ಖಾತೆ ಇಲ್ಲದವರ ಪಾಡು ಬೇರೆ. ಅವರನ್ನು ಕಾಡುವುದು ಕನಿಷ್ಠ ಸರಾಸರಿ ಬ್ಯಾಲೆನ್ಸ್. ಎಸ್‌ಬಿಐ ಈ ದಂಡವನ್ನು ಕೆಲವು ವರ್ಷ ಬಿಟ್ಟಿತ್ತು. 2017ರ ಏಪ್ರಿಲ್‌ನಲ್ಲಿ ಮತ್ತೆ ತಂದಿತು. ಮುಂಬೈಯಂಥ ಮಹಾನಗರಗಳಲ್ಲಿ 5,000 ರೂ. ಸರಾಸರಿ ಇರಬೇಕು ಎಂದಿತು. ವಿರೋಧ ಬಂದಾಗ ಅದೇ ವರ್ಷ ಅಕ್ಟೋಬರ್‌ನಲ್ಲಿ 3,000 ರೂ.ಗೆ ಇಳಿಸಿತು. ಆ ವರ್ಷ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ದಂಡದಿಂದ ಬಂದದ್ದು 1,771 ಕೋಟಿ ರೂ. ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಬ್ಯಾಂಕ್ ಗಳಿಸಿದ ನಿವ್ವಳ ಲಾಭ 1,581 ಕೋಟಿ ರೂ. ಎಂಟು ತಿಂಗಳ ದಂಡವನ್ನು ಮೂರು ತಿಂಗಳ ಲಾಭಕ್ಕೆ ಹೋಲಿಸುವುದು ಪೂರ್ತಿ ನ್ಯಾಯವಲ್ಲ, ನಿಜ. ಆದರೆ ಸಾಲ ಕೊಟ್ಟು ಬಡ್ಡಿ ಗಳಿಸಬೇಕಾದ ಸಂಸ್ಥೆಗೆ ಗ್ರಾಹಕರ ಬಡತನವೇ ಇಷ್ಟು ದೊಡ್ಡ ಆದಾಯವಾದದ್ದು ಜನರನ್ನು ಕೆರಳಿಸಿತು. 2018ರ ಏಪ್ರಿಲ್‌ನಲ್ಲಿ ದಂಡ ಇಳಿಯಿತು. 2020ರ ಮಾರ್ಚ್‌ನಲ್ಲಿ ಎಸ್‌ಬಿಐ ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಬ್ಯಾಲೆನ್ಸ್ ಷರತ್ತನ್ನೇ ತೆಗೆಯಿತು.

ಸರಾಸರಿ ಎಂಬ ಪದ ಅನೇಕರನ್ನು ದಾರಿ ತಪ್ಪಿಸುತ್ತದೆ. ಬ್ಯಾಂಕ್ ಪ್ರತಿದಿನ ರಾತ್ರಿ ಖಾತೆಯಲ್ಲಿರುವ ಮೊತ್ತವನ್ನು ಕೂಡಿ, ತಿಂಗಳ ದಿನಗಳಿಂದ ಭಾಗಿಸುತ್ತದೆ. 10,000 ರೂ. ಸರಾಸರಿ ಬೇಕಾದ ಖಾತೆಯಲ್ಲಿ ಇಡೀ ತಿಂಗಳು 9,500 ರೂ. ಇಟ್ಟವರು ದಂಡ ಕಟ್ಟಬೇಕು. ಐದೇ ದಿನ 60,000 ರೂ. ಇಟ್ಟು ಉಳಿದ 25 ದಿನ ಖಾತೆಯನ್ನು ಬರಿದು ಬಿಟ್ಟವರು ಕಟ್ಟಬೇಕಿಲ್ಲ. ಹಣವುಳ್ಳವರಿಗೆ ಈ ಲೆಕ್ಕ ಸುಲಭ. ಸಂಬಳ ಬಂದ ವಾರದಲ್ಲೇ ಬಾಡಿಗೆ, ಶಾಲೆಯ ಫೀಸು, ಊರಿಗೆ ಕಳುಹಿಸುವ ಹಣ ಎಂದು ಖರ್ಚಾಗುವ ಮನೆಗೆ ಇದು ಸಾಧ್ಯವಿಲ್ಲ.

ಮುಂಬೈನಲ್ಲಿ ಈ ದಂಡಕ್ಕೆ ಹೆಚ್ಚಾಗಿ ಸಿಲುಕುವವರು ಕೆಲಸ ಬದಲಿಸುವವರು. ಕಂಪನಿ ಸೇರಿದಾಗ ತೆರೆಯುವ ಸಂಬಳದ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ಇರುವುದಿಲ್ಲ. ಕೆಲಸ ಬಿಟ್ಟು, ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಜಮೆಯಾಗದಿದ್ದರೆ ಅದು ತಾನಾಗಿ ಸಾಧಾರಣ ಉಳಿತಾಯ ಖಾತೆಯಾಗುತ್ತದೆ. ಅಂಧೇರಿಯ ಕಂಪನಿ ಬಿಟ್ಟು ಠಾಣೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಖಾತೆಯ ನೆನಪೇ ಇರುವುದಿಲ್ಲ. ನೆನಪಾಗುವ ಹೊತ್ತಿಗೆ ಅದರಲ್ಲಿದ್ದ ಎರಡು ಮೂರು ಸಾವಿರ ಕರಗಿರುತ್ತದೆ. ಹೋಟೆಲ್, ಕ್ಯಾಂಟೀನ್‌ಗಳಲ್ಲಿ ದುಡಿದು ಆಗಾಗ ಮಾಲೀಕರನ್ನು ಬದಲಿಸುವ ಕರಾವಳಿಯ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ.

ಈ ದಂಡಕ್ಕೆ ಮಿತಿಯೇ ಇಲ್ಲವೇ ಎಂದರೆ, ಇದೆ. 2014ರ ನವೆಂಬರ್‌ನಲ್ಲಿ ಹೊರಟು 2015ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ಸುತ್ತೋಲೆ ಕೆಲವು ವಿಷಯಗಳನ್ನು ಸ್ಪಷ್ಟವಾಗಿ ಹೇಳಿದೆ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಪಡಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಂತೆ ನಿಗದಿತ ಪ್ರಮಾಣದಲ್ಲಿರಬೇಕು. ಬರೀ ದಂಡದ ಕಾರಣಕ್ಕೆ ಖಾತೆ ಮೈನಸ್‌ಗೆ ಇಳಿಯಬಾರದು. ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವಂತೆಯೇ ಇಲ್ಲ.

ಕೊನೆಯ ಎರಡು ಅಂಶಗಳನ್ನು ಗ್ರಾಹಕರು ನೆನಪಿಡುವುದು ಒಳ್ಳೆಯದು. 'ಖಾತೆ ಮುಚ್ಚಬೇಕಾದರೆ ಮೊದಲು ಮೈನಸ್ ಬ್ಯಾಲೆನ್ಸ್ ಕಟ್ಟಿ' ಎಂದು ಕೌಂಟರ್‌ನಲ್ಲಿ ಕೇಳಿದರೆ, ಆ ಮೈನಸ್ ಹೇಗಾಯಿತು ಎಂದು ತಿರುಗಿ ಕೇಳಬಹುದು.

ಸುತ್ತೋಲೆಯ ದುರ್ಬಲ ಕೊಂಡಿ ಇರುವುದು 'ಸಮಂಜಸ ಶುಲ್ಕ' ಎಂಬ ಮಾತಿನಲ್ಲಿ. ಸಮಂಜಸ ಎಂದರೆ ಎಷ್ಟು ಎಂದು ನಿರ್ಧರಿಸುವುದು ಬ್ಯಾಂಕಿನ ಆಡಳಿತ ಮಂಡಳಿಯೇ. ದಾಸ್ ಅವರೇ 2017ರಲ್ಲಿ ಮಾಡಿದ ಲೆಕ್ಕದಲ್ಲಿ, ಹಲವು ಬ್ಯಾಂಕ್‌ಗಳ ದಂಡ ಕೊರತೆಯ ಮೊತ್ತದ ಮೇಲೆ ವರ್ಷಕ್ಕೆ ಸರಾಸರಿ ಶೇ.78ರಷ್ಟಾಗುತ್ತಿತ್ತು. ಗ್ರಾಹಕ ಬ್ಯಾಂಕಿನಿಂದ ಸಾಲ ಪಡೆದಿದ್ದರೂ ಇಷ್ಟು ಬಡ್ಡಿ ಕಟ್ಟಬೇಕಿರಲಿಲ್ಲ.

50,000 ರೂ. ಕೇಳಿದ ಬ್ಯಾಂಕ್

2025ರ ಆಗಸ್ಟ್‌ನಲ್ಲಿ ಈ ಚರ್ಚೆ ಮತ್ತೆ ಕಾವೇರಿತು. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕಾರ್ಪೊರೇಟ್ ಕಚೇರಿ ಹೊಂದಿರುವ ಐಸಿಐಸಿಐ ಬ್ಯಾಂಕ್, ಆಗಸ್ಟ್ 1ರಿಂದ ಮಹಾನಗರ ಮತ್ತು ನಗರ ಶಾಖೆಗಳಲ್ಲಿ ತೆರೆಯುವ ಹೊಸ ಉಳಿತಾಯ ಖಾತೆಗಳಿಗೆ ಕನಿಷ್ಠ ಸರಾಸರಿ ಬ್ಯಾಲೆನ್ಸ್ ಅನ್ನು 10,000 ರೂ.ನಿಂದ 50,000 ರೂ.ಗೆ ಏರಿಸಿತು. ಅರೆಪಟ್ಟಣಗಳಿಗೆ 25,000, ಹಳ್ಳಿಗಳಿಗೆ 10,000 ರೂ. ನಿಗದಿಯಾಯಿತು. ಟೀಕೆಗಳ ಸುರಿಮಳೆಯಾದ ಮೇಲೆ, ಆಗಸ್ಟ್ 13ರಂದು ಈ ಮೊತ್ತಗಳು ಕ್ರಮವಾಗಿ 15,000, 7,500 ಮತ್ತು 2,500 ರೂ.ಗೆ ಇಳಿದವು. ಇಳಿದ ಮೇಲೂ ಮಹಾನಗರದ ಮೊತ್ತ ಮೊದಲಿಗಿಂತ 5,000 ರೂ. ಹೆಚ್ಚೇ.

ಈ ನಡುವೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹೇಳಿದ್ದು, ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕು ಎಂಬುದು ಆಯಾ ಬ್ಯಾಂಕಿಗೆ ಬಿಟ್ಟ ವಿಷಯ, ಅದು ನಿಯಂತ್ರಣದ ವ್ಯಾಪ್ತಿಗೆ ಬರುವುದಿಲ್ಲ ಎಂದು. ಕಾನೂನಿನ ದೃಷ್ಟಿಯಲ್ಲಿ ಅದು ಸರಿ. ಬ್ಯಾಂಕನ್ನು ನಿಯಂತ್ರಿಸಿದರು ಸಾಕು, ಬೆಲೆಯನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತರ್ಕ.

ಮಾರುಕಟ್ಟೆ ಸ್ವಲ್ಪ ಮಟ್ಟಿಗೆ ನೋಡಿಕೊಂಡಿದೆ ಕೂಡ. ಮಂಗಳೂರಿನಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಈ ದಂಡ ರದ್ದು ಮಾಡಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್, ಇಂಡಿಯನ್ ಬ್ಯಾಂಕ್ ಜುಲೈನಲ್ಲಿ ಅದೇ ದಾರಿ ಹಿಡಿದವು. ಬ್ಯಾಂಕ್ ಆಫ್ ಬರೋಡಾ ಕೂಡ ತನ್ನ ಸಾಮಾನ್ಯ ಉಳಿತಾಯ ಖಾತೆಗಳಿಗೆ ದಂಡ ಬಿಟ್ಟಿತು. ಹೀಗಾಗಿ ಸರ್ಕಾರಿ ಬ್ಯಾಂಕ್ ಗ್ರಾಹಕರಿಗೆ ಈ ಒಂದು ಕಿರಿಕಿರಿ ಬಹಳಷ್ಟು ಕಡಿಮೆಯಾಗಿದೆ. ಖಾಸಗಿ ಬ್ಯಾಂಕ್‌ಗಳಲ್ಲಿ ಅದು ಇನ್ನೂ ಇದೆ.

ಒಟ್ಟು ಎಷ್ಟು ಹಣದ ಮಾತಿದು ಎಂಬುದಕ್ಕೆ ಸಂಸತ್ತಿನಲ್ಲೇ ಉತ್ತರ ಸಿಕ್ಕಿದೆ. 2023ರ ಆಗಸ್ಟ್‌ನಲ್ಲಿ ಹಣಕಾಸು ಖಾತೆ ರಾಜ್ಯ ಸಚಿವರು ರಾಜ್ಯಸಭೆಗೆ ನೀಡಿದ ಮಾಹಿತಿಯಂತೆ, 2018ರಿಂದೀಚೆಗೆ ಸರ್ಕಾರಿ ಬ್ಯಾಂಕ್‌ಗಳು ಮತ್ತು ಐದು ಪ್ರಮುಖ ಖಾಸಗಿ ಬ್ಯಾಂಕ್‌ಗಳು ಸೇರಿ ಕನಿಷ್ಠ ಬ್ಯಾಲೆನ್ಸ್ ದಂಡದಿಂದ 21,000 ಕೋಟಿ ರೂ.ಗೂ ಹೆಚ್ಚು, ಹೆಚ್ಚುವರಿ ಎಟಿಎಂ ವಹಿವಾಟಿನಿಂದ 8,000 ಕೋಟಿ ರೂ.ಗೂ ಹೆಚ್ಚು, ಎಸ್‌ಎಂಎಸ್ ಶುಲ್ಕದಿಂದ 6,000 ಕೋಟಿ ರೂ.ಗೂ ಹೆಚ್ಚು ಪಡೆದಿದ್ದವು. ಎಲ್ಲ ಸೇರಿ 35,000 ಕೋಟಿ ರೂ. ದಾಟುತ್ತದೆ.

ಹಾಗಾದರೆ ಬ್ಯಾಂಕ್ ಬದಲಿಸಬಾರದೇಕೆ?

ಕೇಳಲು ಸುಲಭದ ಪ್ರಶ್ನೆ. ಮುಂಬೈನಲ್ಲಿ ದೊಡ್ಡ ಬ್ಯಾಂಕಿನ ಮೇಲೆ ಬೇಸತ್ತವರು ಹೋಗುತ್ತಿದ್ದುದು ಸಹಕಾರಿ ಬ್ಯಾಂಕಿಗೆ. ಶುಲ್ಕ ಕಡಿಮೆ, ಬಡ್ಡಿ ಕೊಂಚ ಹೆಚ್ಚು, ಕೌಂಟರ್‌ನಲ್ಲಿ ಕುಳಿತವರಿಗೆ ಗ್ರಾಹಕರ ಹೆಸರು ಗೊತ್ತು. ಮುಂಬೈ ಕನ್ನಡಿಗರಿಗೆ, ತುಳುವರಿಗೆ ಈ ನಂಟು ಹಳೆಯದು. ಮೊಗವೀರ ಸಮಾಜದ ಮೊಗವೀರ ಬ್ಯಾಂಕ್, ಬಿಲ್ಲವ ಸಮಾಜದ ಮುಂದಾಳತ್ವದಲ್ಲಿ 1978ರಲ್ಲಿ ಆರಂಭವಾದ ಭಾರತ್ ಬ್ಯಾಂಕ್ ಈ ಪರಂಪರೆಯವು. ಊರಿನ ವಾಣಿಜ್ಯ ಬ್ಯಾಂಕ್‌ಗಳ ಮೇಲೂ ಅಂಥದ್ದೇ ಅಭಿಮಾನವಿತ್ತು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಜಮೆ ಮಾಡಿಕೊಳ್ಳುತ್ತಿತ್ತು. ಎರಡಾಣೆಯ ಗ್ರಾಹಕ ಆಗ ಬ್ಯಾಂಕಿಗೆ ಹೊರೆಯಾಗಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಪಾಸ್‌ಬುಕ್ ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಶುಲ್ಕದ ಪಟ್ಟಿಯೂ ಬದಲಾಯಿತು.

ಸಹಕಾರಿ ಬ್ಯಾಂಕಿನ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2019ರ ಸೆಪ್ಟೆಂಬರ್‌ನಲ್ಲಿ. ಭಾಂಡೂಪ್‌ನಲ್ಲಿ ಕೇಂದ್ರ ಕಚೇರಿ ಇದ್ದ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕ್ (ಪಿಎಂಸಿ) ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. 11,600 ಕೋಟಿ ರೂ.ಗೂ ಹೆಚ್ಚು ಠೇವಣಿ ಇದ್ದ ಬ್ಯಾಂಕಿನಿಂದ ಗ್ರಾಹಕರು ಮೊದಲಿಗೆ ತೆಗೆಯಬಹುದಾಗಿದ್ದುದು ಬರೀ 1,000 ರೂ. ಕೊಟ್ಟ ಸಾಲದಲ್ಲಿ ಶೇ.70ಕ್ಕೂ ಹೆಚ್ಚು ಪಾಲು ಎಚ್‌ಡಿಐಎಲ್ ಎಂಬ ಒಂದೇ ಬಿಲ್ಡರ್ ಸಮೂಹಕ್ಕೆ ಹೋಗಿತ್ತು. ಅದನ್ನು ಮರೆಮಾಚಲು 21,000ಕ್ಕೂ ಹೆಚ್ಚು ನಕಲಿ ಸಾಲ ಖಾತೆಗಳನ್ನು ಸೃಷ್ಟಿಸಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ದೊಡ್ಡ ಮೊತ್ತದ ಠೇವಣಿದಾರರಿಗೆ ಪೂರ್ತಿ ಹಣ ಕೈಸೇರಲು ಹತ್ತು ವರ್ಷದ ಕಂತು ನಿಗದಿಯಾಯಿತು. ನಿವೃತ್ತಿಯ ಹಣ ಇಟ್ಟಿದ್ದವರಿಗೆ ಹತ್ತು ವರ್ಷ ಎಂದರೇನು ಎಂದು ಹೇಳಬೇಕಿಲ್ಲ.

ಆ ಗಾಯ ಮಾಯುವ ಮೊದಲೇ 2025ರ ಫೆಬ್ರುವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಸರದಿ ಬಂತು. ಪ್ರಭಾದೇವಿ ಮತ್ತು ಗೋರೆಗಾಂವ್ ಶಾಖೆಗಳ ತಿಜೋರಿಯಲ್ಲಿ ಇರಬೇಕಾಗಿದ್ದ 122 ಕೋಟಿ ರೂ. ನಗದು ಇರಲಿಲ್ಲ. ಆಗಸ್ಟ್‌ನಲ್ಲಿ ಸಾರಸ್ವತ ಬ್ಯಾಂಕ್ ಅದನ್ನು ವಹಿಸಿಕೊಂಡಿತು.

ಹೀಗಾಗಿ ಗ್ರಾಹಕರ ಮುಂದಿರುವ ಆಯ್ಕೆ ಇಕ್ಕಟ್ಟಿನದು. ಒಂದು ಕಡೆ ಹಣ ಮುಳುಗದು, ಆದರೆ ಚೂರು ಚೂರಾಗಿ ಕಡಿತವಾಗುತ್ತದೆ. ಇನ್ನೊಂದು ಕಡೆ ಕಡಿತ ಕಡಿಮೆ, ಆದರೆ ಎದೆಯಲ್ಲಿ ಅಳುಕು. ದೊಡ್ಡ ಬ್ಯಾಂಕ್‌ಗಳಿಗೂ ಇದು ಗೊತ್ತು. ಮಾರುಕಟ್ಟೆ ಬೆಲೆಯನ್ನು ನೋಡಿಕೊಳ್ಳುತ್ತದೆ ಎಂಬ ತರ್ಕ ಸೋಲುವುದು ಇಲ್ಲಿಯೇ. ಬಿಟ್ಟು ಹೋಗಲು ಹೆದರುವ ಗ್ರಾಹಕರಿಗೆ ಚೌಕಾಸಿಯ ಶಕ್ತಿ ಇರುವುದಿಲ್ಲ. ಪಿಎಂಸಿ ಪ್ರಕರಣದ ನಂತರ ಒಂದು ಸಮಾಧಾನ ದೊರೆತಿದೆ. 2020ರ ಫೆಬ್ರುವರಿ 4ರಿಂದ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷ ರೂ.ಗೆ ಏರಿದೆ. 2021ರ ತಿದ್ದುಪಡಿಯಿಂದಾಗಿ, ನಿರ್ಬಂಧ ಹೇರಿದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕು. ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ಮೀರದಂತೆ ನೋಡಿಕೊಂಡರೆ ಸಹಕಾರಿ ಬ್ಯಾಂಕಿನ ಬಗೆಗಿನ ಭಯ ಬಹುಪಾಲು ಕಡಿಮೆಯಾಗುತ್ತದೆ.

ಎಟಿಎಂ, ಎಸ್‌ಎಂಎಸ್ ಲೆಕ್ಕ

ಮುಂಬೈ, ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂ ಬಳಕೆ ತಿಂಗಳಿಗೆ ಮೂರು ಬಾರಿ ಉಚಿತ. ಬೇರೆ ಊರುಗಳಲ್ಲಿ ಐದು. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಎಲ್ಲ ಕಡೆ ಐದು. ಅದನ್ನು ಮೀರಿದರೆ 2025ರ ಮೇ 1ರಿಂದ ಪ್ರತಿ ಬಾರಿಗೆ ಗರಿಷ್ಠ 23 ರೂ., ಜೊತೆಗೆ ತೆರಿಗೆ. ಅಂದರೆ 27 ರೂ. 14 ಪೈಸೆ. ಯಂತ್ರ ಕೆಟ್ಟು, ನಗದು ಖಾಲಿಯಾಗಿ ಅಥವಾ ಸಂಪರ್ಕ ಕಡಿತವಾಗಿ ವಿಫಲವಾದ ಯತ್ನವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲೇ ಹೇಳಿದೆ. ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾಗಿದ್ದರೆ, ಬ್ಯಾಂಕ್ ಐದು ದಿನಗಳೊಳಗೆ ತಾನಾಗಿಯೇ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಸೇರಿಸಬೇಕು. ಗ್ರಾಹಕರು ಕೇಳದಿದ್ದರೂ ಕೊಡಬೇಕಾದ ಹಣ ಇದು.

ಎಸ್‌ಎಂಎಸ್ ಶುಲ್ಕಕ್ಕೂ ನಿಯಮವಿದೆ. 2013ರ ನವೆಂಬರ್‌ನಲ್ಲೇ, ನಿಜವಾಗಿ ಕಳುಹಿಸಿದ ಸಂದೇಶಗಳಿಗೆ ತಕ್ಕಂತೆ ಮಾತ್ರ ಶುಲ್ಕ ಇರಲಿ ಎಂದು ಸೂಚಿಸಲಾಗಿತ್ತು. ಮೂರು ತಿಂಗಳಲ್ಲಿ ಎರಡೇ ವಹಿವಾಟು ಮಾಡಿದವರಿಗೂ ನೂರು ವಹಿವಾಟು ಮಾಡಿದವರಿಗೂ ಒಂದೇ ಮೊತ್ತ ಕಡಿತವಾಗಿದ್ದರೆ ಅದು ಈ ಸೂಚನೆಗೆ ಹೊಂದುವುದಿಲ್ಲ.

ದೂರು ಕೊಡುವುದು ಹೇಗೆ?

ಕಡಿಮೆ ಹಣ ಇಡುವವರು ಸಾಮಾನ್ಯ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಿಕೊಳ್ಳಬಹುದು. ಇದಕ್ಕೆ ಬಡತನದ ಪ್ರಮಾಣಪತ್ರ ಬೇಕಿಲ್ಲ, ಯಾರಾದರೂ ಕೇಳಬಹುದು. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು ಎಂಬುದು ಷರತ್ತು. ಶಾಖೆಗಳು ಈ ಸೌಲಭ್ಯವನ್ನು ತಾವಾಗಿ ಹೇಳುವುದು ಅಪರೂಪ.

ಶುಲ್ಕ ತಪ್ಪೆನಿಸಿದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ, ಆದ್ದರಿಂದ ಇಮೇಲ್ ಅಥವಾ ದೂರು ಸಂಖ್ಯೆ ಕಡ್ಡಾಯವಾಗಿ ಇಟ್ಟುಕೊಳ್ಳಬೇಕು. ಯಾವ ದಿನ, ಎಷ್ಟು ಕಡಿತ, ಮುನ್ಸೂಚನೆ ಬಂದಿತ್ತೇ ಇಲ್ಲವೇ ಎಂಬ ಮೂರು ವಿಷಯ ಬರೆದರೆ ಸಾಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರ್ 12ರಂದು ಜಾರಿಯಾದ ಏಕೀಕೃತ ಓಂಬುಡ್ಸ್‌ಮನ್ ಯೋಜನೆಯ ನಂತರ, ಯಾವ ಊರಿನ ಶಾಖೆ, ಯಾವ ಕಚೇರಿಯ ವ್ಯಾಪ್ತಿ ಎಂದು ಹುಡುಕಬೇಕಿಲ್ಲ. ಡೊಂಬಿವಲಿಯಲ್ಲಿ ಕುಳಿತು ಉಡುಪಿಯ ಶಾಖೆಯ ಮೇಲೂ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಮತ್ತು ಸ್ಟೇಟ್‌ಮೆಂಟ್ ಲಗತ್ತಿಸಬೇಕು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕ್ ಉತ್ತರ ಕೊಟ್ಟ ಮೇಲೆ ನಿಗದಿತ ಗಡುವಿನೊಳಗೆ ದೂರು ಸಲ್ಲಬೇಕು. ಅರ್ಜಿ ತುಂಬುವ ಬಗ್ಗೆ ಗೊಂದಲವಿದ್ದರೆ 14448 ಸಂಖ್ಯೆಗೆ ಕರೆ ಮಾಡಿ ಕೇಳಬಹುದು, ಅಲ್ಲಿ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ.